ಹಿಂದಕ್ಕೆ ಹೊರಟ ಹಿಮಬಂಡಿ

“ಈ ಸಲ ಹಿಮ ಕರಗೋದ್ರೊಳಗೆ ಆ ಇಂಜಿನ್ನಿಗೆ ಜೀವ ಬರಿಸಲಿಲ್ಲ ಅಂದ್ರೆ ನನ್ನ ಹೆಸರು ವರ್ನ್ ಹಾಪಲಾನೇ ಅಲ್ಲ!”

ಕಾಫಿ ಬಟ್ಟಲನ್ನು ಮೇಜಿಗೆ ಕುಟ್ಟಿ ವರ್ನ್ ಈ ಭೀಷ್ಮಪ್ರತಿಜ್ಞೆ ಮಾಡಿದಾಗ, ಚೆಲ್ಲಿದ ಕಾಫಿಯನ್ನು ಒರೆಸಬೇಕಾದ ಹೆಂಡತಿ ಆರ್ಲೀನ್ ತಲೆ ಎತ್ತಲಿಲ್ಲ.

“ಮತ್ತೇನಂತ ಕರೀಲಿ? ಈಗ್ಲೇ ಹೇಳಿಬಿಡು, ಬಾಯಿಗೆ ರೂಢಿ ಆಗ್ಲಿ.”

ವರ್ನ್ ನಿವೃತ್ತನಾಗುವವರೆಗೂ ಸುಪೀರಿಯರ್ ಸರೋವರದ ದಂಡೆಯ ರಸ್ತೆಗಳಲ್ಲಿ ಹಿಮ ಬಾಚುವ ಲಾರಿ ಓಡಿಸಿದವನು. ಜೀವಮಾನವಿಡೀ ಹಿಮವನ್ನು ದಾರಿಯಿಂದ ಆಚೆ ತಳ್ಳಿದ ಮನುಷ್ಯ, ಮನೆಯಲ್ಲಿ ಕೂತ ಮೇಲೆ ಹಿಮದ ಮೇಲೆಯೇ ಓಡುವ ಹಳೆಯ ಬಂಡಿಗಳ ಬೆನ್ನು ಹತ್ತಿದ್ದ. ಮುಂದೆ ಎರಡು ಜಾರುಹಲಗೆ, ಹಿಂದೆ ರಬ್ಬರಿನ ಅಗಲ ಪಟ್ಟಿ, ನಡುವೆ ಗುಡುಗುವ ಇಂಜಿನ್: ಇದಿಷ್ಟು ಇದ್ದರೆ ಸಾಕು, ತುಕ್ಕು ಎಷ್ಟಿದ್ದರೂ ಅವನ ಕಣ್ಣಿಗೆ ಅದು ಅಪ್ಸರೆ! ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ವರ್ನ್‌ಗೆ ಹೆರುವ ತಾಪತ್ರಯವೂ ಇಲ್ಲದೆ ಮುದ್ದು ಬರುತ್ತಿತ್ತು.

ಈಗಿನ ಹೆಗ್ಗಣ ಆರ್ಲೀನಳ ತಂದೆ ಉರ್ಹೋ ಓಡಿಸುತ್ತಿದ್ದ ಬಂಡಿ. ಉರ್ಹೋ ತೀರಿಕೊಂಡ ಮೇಲೆ ಅದು ಅವನ ಹೆಂಡತಿ ಔನೆಯದು. ಇರುವುದು ಮಾತ್ರ ಅಳಿಯನ ಶೆಡ್ಡಿನಲ್ಲಿ. ಅದರ ಒಂಟಿ ಸಿಲಿಂಡರಿನ ಇಂಜಿನ್ ತಯಾರಿಸಿದ ಕಂಪನಿ ಎರಡೇ ಚಳಿಗಾಲ ಬದುಕಿ ಕಣ್ಮುಚ್ಚಿತ್ತು.

“ಇಂಥ ಇಂಜಿನ್ ಲೋಕದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ, ಗೊತ್ತಾ?”

“ಯಾಕೆ ಉಳಿದಿಲ್ಲ ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದ್ದೀಯಾ?” ಎಂದಳು ಆರ್ಲೀನ್.

ಶೆಡ್ಡಿನಲ್ಲಿ ಸ್ಪಾನರ್ ಮುಟ್ಟಿದರೆ ಬೆರಳು ಅಂಟಿಕೊಳ್ಳುವಷ್ಟು ಚಳಿ. ಆದ್ದರಿಂದ ಇಂಜಿನ್ ಅಡುಗೆಮನೆಯ ಮೇಜಿಗೆ ಬಂತು. ಮೇಜಿನ ಮೇಲೆ ಉಣ್ಣುವವರು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಉಂಡರು. ಹಳೆಯ ಬೇರಿಂಗ್ ತೆಗೆದು ಹೊಸದನ್ನು ಕೂರಿಸುವ ಹಂತ ಬಂದಾಗ ವರ್ನ್‌ನ ವಿಜ್ಞಾನ ಜಾಗೃತವಾಯಿತು. ಲೋಹ ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಇಂಜಿನ್ನಿನ ಅಲ್ಯೂಮಿನಿಯಂ ಕವಚ ಕಾಯಬೇಕು, ಬೇರಿಂಗ್ ತಣಿಯಬೇಕು. ಸುತ್ತಿಗೆಯ ಏಟು ಬೇಡ, ಬಲಪ್ರಯೋಗ ಬೇಡ. ಇದಕ್ಕಿಂತ ಸಭ್ಯವಾದ ವಿಧಾನ ಇನ್ನೊಂದುಂಟೇ?

ಆರ್ಲೀನ್ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋದ ತಕ್ಷಣ ಬೇರಿಂಗ್ ಫ್ರೀಜರಿನಲ್ಲಿ ಜಿಂಕೆ ಮಾಂಸದ ಪಕ್ಕ ಮಲಗಿತು. ಕವಚ ಓವನ್ನಿನೊಳಗೆ ಕೂತಿತು. ಹೊತ್ತಾದ ಮೇಲೆ ಎರಡನ್ನೂ ಹೊರತೆಗೆದು ಸೇರಿಸಿದರೆ, ಟಕ್! ಬೀಗಕ್ಕೆ ಕೀಲಿ ಇಳಿದ ಹಾಗೆ ಕೂತುಬಿಟ್ಟಿತು. ವರ್ನ್ ಅಡುಗೆಮನೆಯ ನಡುವೆ ಒಬ್ಬನೇ ಚಪ್ಪಾಳೆ ತಟ್ಟಿದ.

ಅವನ ವಿಜ್ಞಾನ ಒಂದನ್ನು ಮರೆತಿತ್ತು. ಅಷ್ಟು ವರ್ಷ ಎಣ್ಣೆ ಕುಡಿದ ಲೋಹ ಕಾದರೆ ಬರಿದೇ ಹಿಗ್ಗುವುದಿಲ್ಲ, ಕುಡಿದದ್ದನ್ನು ಕಕ್ಕುತ್ತದೆ. ಓವನ್ನಿನ ಗೋಡೆಗೆಲ್ಲ ಕಣ್ಣಿಗೆ ಕಾಣದ ಹೊಗೆಯ ಲೇಪ.

ಮರುದಿನ ಆರ್ಲೀನ್ ಅದೇ ಓವನ್ನಿನಲ್ಲಿ, ಸರೋವರದ ಜಾತ್ರೆಯ ಚರ್ಚ್ ಮಳಿಗೆಗೆಂದು, ಏಲಕ್ಕಿ ಹಾಕಿ ಜಡೆ ಹೆಣೆದ ನಿಸು ಬ್ರೆಡ್ಡುಗಳನ್ನು ಸಾಲುಸಾಲಾಗಿ ಬೇಯಿಸಿದಳು. ಬಣ್ಣ ಬಂಗಾರ. ವಾಸನೆ ಪೆಟ್ರೋಲ್ ಬಂಕ್!

“ವರ್ನ್!”

ಆ ಒಂದು ಕೂಗಿನಲ್ಲಿ ಪ್ರಶ್ನೆ, ವಿಚಾರಣೆ, ತೀರ್ಪು ಮೂರೂ ಇದ್ದವು.

“ಏಲಕ್ಕಿ ಸ್ವಲ್ಪ ಜಾಸ್ತಿ ಹಾಕಿದ್ರೆ...”

“ಏಲಕ್ಕಿ ಹಾಕ್ಬೇಕಾ? ಡೀಸೆಲ್ ಫಿಲ್ಟರ್ ಹಾಕ್ಬೇಕು!”

ಆಗಲೇ ಔನೆ ಬಂದಳು. ಎಂಬತ್ತು ದಾಟಿದ ಹೆಂಗಸು. ಕಿವಿ ಚುರುಕು, ನಾಲಗೆ ಇನ್ನೂ ಚುರುಕು. ಯಾರೂ ತಡೆಯುವ ಮೊದಲೇ ಬ್ರೆಡ್ಡಿನ ತುಂಡೊಂದನ್ನು ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಕಣ್ಣು ಮುಚ್ಚಿದಳು. ವರ್ನ್ ಆಸ್ಪತ್ರೆಗೆ ಫೋನ್ ಮಾಡಲು ಎದ್ದ.

“ಏನೇ ಹಾಕಿದ್ದೀಯ ಇದಕ್ಕೆ?” ಎಂದಳು ಔನೆ ಮೆಲ್ಲಗೆ. “ನಿಮ್ಮಪ್ಪ ನೆನಪಾಗ್ತಾನೆ. ಅವನ ಕೋಟು ಹಿಂಗೇ ವಾಸನೆ ಬರ್ತಿತ್ತು.”

ಇನ್ನೊಂದು ತುಂಡು ತಿಂದಳು. ಕಣ್ಣೊರೆಸಿಕೊಂಡು ಅಳಿಯನ ಕಡೆ ತಿರುಗಿದಳು.

“ಶನಿವಾರ ಸರೋವರದ ಮೇಲೆ ಹಳೇ ಗಾಡಿಗಳ ಮೆರವಣಿಗೆ ಇದೆಯಲ್ಲ, ನನಗೆ ಆ ಬಂಡೀಲಿ ಒಂದು ಸುತ್ತು ಬೇಕಪ್ಪ. ಓಡಿಸಿದವರಿಗೇ ಬಂಡಿ, ಬರೆದು ಕೊಡ್ತೀನಿ. ಓಡದೇ ಇದ್ರೆ ಡುವೇನ್‌ಗೆ ಕೊಟ್ಟುಬಿಡ್ತೀನಿ. ಪಾಪ, ಎಷ್ಟೋ ಸಲ ಕೇಳಿದ್ದಾನೆ.”

ಡುವೇನ್ ಪಕ್ಕದ ಮನೆಯವನು. ಹಳೆಯ ಬಂಡಿ ಕೂಡಿಡುವುದರಲ್ಲಿ ವರ್ನ್‌ಗೆ ಎದುರಾಳಿ. ಅವನ ಶೆಡ್ಡಿಗೆ ಈ ಇಂಜಿನ್ ಹೋಗುವುದೆಂದರೆ! ವರ್ನ್‌ನ ಎದೆಯೊಳಗೆ ಯಾರೋ ಮಂಜುಗಡ್ಡೆ ಕೊರೆದು ಗಾಳ ಇಳಿಬಿಟ್ಟಂತಾಯಿತು.

ಇನ್ನು ಅವನನ್ನು ಹಿಡಿಯುವವರುಂಟೇ? ಇಂಜಿನ್ ಕೂರಿಸಿದ. ಬಂಡಿಯ ಮೂತಿಗೆ, ತನ್ನ ಹಿಮದ ಲಾರಿಯ ನೆನಪಿಗಾಗಿ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಬಳಿದ. ಬಣ್ಣ ಒಣಗಲು ಬೆಚ್ಚಗಿನ ಜಾಗ ಬೇಕು. ಹಿತ್ತಲಲ್ಲಿ ಹಬೆಸ್ನಾನದ ಕೋಣೆ, ಸೌನಾ ಇದೆ. ಮೂತಿಯನ್ನು ಕಳಚಿ ಸೌನಾದ ಮೇಲಿನ ಹಲಗೆಗೆ ಒರಗಿಸಿಟ್ಟು, ಹೆಂಡತಿಗೆ ಹೇಳಬೇಕೆಂದುಕೊಂಡ. ಅಂದುಕೊಂಡದ್ದೇ ಬಂತು.

ಓವನ್ ಉಜ್ಜಿ ಉಜ್ಜಿ ಸೊಂಟ ಬಿದ್ದುಹೋಗಿದ್ದ ಆರ್ಲೀನ್ ಅಂದು ಸಂಜೆ ಸೌನಾಕ್ಕೆ ಹೋದಳು. ಒಳಗೆ ಮಬ್ಬು. ಕಲ್ಲಿಗೆ ನೀರೆರಚಿದಳು, ಬುಸ್ಸೆಂದು ಹಬೆ ಎದ್ದಿತು, ಹಾಯೆಂದು ಹಿಂದಕ್ಕೆ ಒರಗಿದಳು. ಒರಗಿದ್ದು ಗೋಡೆಗಲ್ಲ!

ಹೊರಗೆ ಬಂದವಳ ಬೆನ್ನಿನ ಮೇಲೆ ಅಡ್ಡಡ್ಡ ಕಿತ್ತಳೆ ಪಟ್ಟೆ.

“ನನ್ನನ್ನ ರಸ್ತೆ ಮಧ್ಯೆ ನಿಲ್ಲಿಸಿಬಿಡು ವರ್ನ್. ದೂರದಿಂದ್ಲೇ ಲಾರಿಗಳು ನಿಲ್ತಾವೆ.”

“ಉಜ್ಜಬೇಡ, ಉಜ್ಜಬೇಡ! ಆ ಬಣ್ಣ ಈಗ ಸಿಗಲ್ಲ!”

ಇದು ಆಡಬಾರದ ಮಾತೆಂದು ಅವನಿಗೂ ತಿಳಿಯಿತು, ಆಡಿದ ಮೇಲೆ. ಆ ರಾತ್ರಿ ಸೋಫಾದ ಮೇಲೆ ಅವನ ಜೊತೆ ಕಂಬಳಿಯೊಂದೇ ಇತ್ತು.

ಶನಿವಾರ. ಹೆಪ್ಪುಗಟ್ಟಿದ ಸರೋವರದ ಮೇಲೆ ಹಳೆಯ ಬಂಡಿಗಳು ದಂಡೆಗೆ ಬೆನ್ನು ಕೊಟ್ಟು, ಬಯಲಿಗೆ ಮೂತಿ ಮಾಡಿ ಸಾಲಾಗಿ ನಿಂತಿದ್ದವು. ಹಿಂದೆ ದಂಡೆಯ ಮೇಲೆ ಚರ್ಚಿನ ಮಳಿಗೆ: ಕಾಫಿಯ ದೊಡ್ಡ ಪಾತ್ರೆ, ಮಾಂಸ ಆಲೂಗಡ್ಡೆ ತುಂಬಿದ ಪಾಸ್ಟಿಗಳು, ಎರಡನೆಯ ಸಲ ಬೇಯಿಸಿದ ನಿಸು, ಇವೆಲ್ಲದರ ಹಿಂದೆ ಆರ್ಲೀನ್. ಔನೆ ಗಂಡನ ಹಳೆಯ ತುಪ್ಪಳದ ಟೊಪ್ಪಿ ತೊಟ್ಟು ಬಂಡಿಯ ಹಿಂಬದಿಯಲ್ಲಿ ಕೂತಳು. ಡುವೇನ್ ದಪ್ಪ ಕೈಗವಸು ತೊಟ್ಟ ಕೈ ಕಟ್ಟಿ ನಿಂತ.

“ಟ್ರೇಲರ್ ತಂದಿದ್ದೀನಿ ಕಣೋ, ಸುಮ್ನೆ ಇರ್ಲಿ ಅಂತ,” ಎಂದ.

ವರ್ನ್ ಬಂಡಿ ಹತ್ತಿ ಔನೆಯ ಮುಂದೆ ಕೂತ. ಸ್ಟಾರ್ಟ್ ಮಾಡುವ ಹಗ್ಗವನ್ನು, ಮಲಗಿದ ಕೂಸಿನ ಹೊದಿಕೆ ಎಳೆಯುವಂತೆ, ನಾಜೂಕಾಗಿ ಎಳೆದ. ಇಂಜಿನ್ ಒಮ್ಮೆ ಒದೆಯಿತು, ಕೆಮ್ಮಿತು, ಗುಡುಗಿತು! ನೀಲಿ ಹೊಗೆ! ಜನರ ಚಪ್ಪಾಳೆ! ವರ್ನ್ ಟೊಪ್ಪಿ ಎತ್ತಿ ನಾಲ್ಕೂ ದಿಕ್ಕಿಗೆ ವಂದಿಸಿ, ಹೆಬ್ಬೆರಳಿನಿಂದ ವೇಗದ ಕಡ್ಡಿಯನ್ನು ಒತ್ತಿದ.

ಬಂಡಿ ಹಿಂದಕ್ಕೆ ಹೊರಟಿತು.

ಹಿಂದಕ್ಕೆ ನುಗ್ಗುವ ಬಂಡಿ ಸವಾರನನ್ನು ಮುಂದಕ್ಕೆ ಎಸೆಯುತ್ತದೆ. ಮುಂದಕ್ಕೆ ಬಿದ್ದವನು ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಾನೆ. ಹಿಡಿ ಬಿಗಿಯಾದಷ್ಟೂ ಹೆಬ್ಬೆರಳು ಒತ್ತುತ್ತದೆ. ಹೆಬ್ಬೆರಳು ಒತ್ತಿದಷ್ಟೂ ಬಂಡಿ ಹಿಂದಕ್ಕೆ ನುಗ್ಗುತ್ತದೆ. ಈ ಸರಪಳಿಗೆ ತುದಿ ಎಂಬುದಿದ್ದರೆ ಅದು ಕಾಫಿ ಪಾತ್ರೆ. ಢಮಾರ್! ಪಾಸ್ಟಿಗಳು ಹಾರಿದವು, ನಿಸು ಉರುಳಿತು, ಕಾಫಿ ಹೊಳೆಯಾಗಿ ಹರಿದು ಆರ್ಲೀನಳ ಬೂಟಿನೊಳಗೆ ಇಳಿಯಿತು. ಇಂಜಿನ್ ತಾನಾಗಿ ನಿಂತಿತು.

“ಅಯ್ಯೋ, ಎಷ್ಟು ಚೆನ್ನಾಗಿತ್ತು!” ಎಂದಳು ಔನೆ, ಟೊಪ್ಪಿಯ ಮೇಲಿದ್ದ ಪಾಸ್ಟಿಯನ್ನು ಕೈಗೆ ತೆಗೆದುಕೊಳ್ಳುತ್ತಾ.

“ಸರೋವರ ಆ ಕಡೆ ಇದೆ ಕಣೋ,” ಎಂದು ಡುವೇನ್ ಕೈ ತೋರಿಸಿದ.

“ಏನಾಗಿಲ್ಲ! ಇದು ವಿಜ್ಞಾನ!” ವರ್ನ್ ಹಿಮ ಕೊಡವಿಕೊಂಡ. “ಇದು ಟೂ-ಸ್ಟ್ರೋಕ್ ಇಂಜಿನ್. ಇದಕ್ಕೆ ಮುಂದು ಹಿಂದು ಅನ್ನೋ ಭೇದ ಇಲ್ಲ. ಹಗ್ಗ ಮೆಲ್ಲಗೆ ಎಳೆದ್ರೆ ಪಿಸ್ಟನ್ ಮೇಲಕ್ಕೆ ಮುಟ್ಟೋ ಮೊದಲೇ ಕಿಡಿ ಹತ್ತಿ ವಾಪಸ್ ಒದೆಯುತ್ತೆ. ಆಗ ಅದು ಉಲ್ಟಾ ತಿರುಗುತ್ತೆ, ಪಟ್ಟೀನೂ ಉಲ್ಟಾ ಓಡುತ್ತೆ.”

“ಅಂದ್ರೆ ಜೋರಾಗಿ ಎಳೀಬೇಕು,” ಎಂದ ಡುವೇನ್.

“ಹೌದು.”

“ಮತ್ತೆ ಎಳಿ!”

“ಹೇಗೆ ಎಳೀಲೋ! ಹಗ್ಗನ ಒಳಗೆ ಸುತ್ತಿಕೊಳ್ಳೋ ಆ ಸ್ಪ್ರಿಂಗ್ ತುಂಡಾದ್ರೆ ಲೋಕದಲ್ಲಿ ಇನ್ನೊಂದಿಲ್ಲ!”

ಬಂಡಿಯನ್ನು ತಳ್ಳಿ ಮತ್ತೆ ಸಾಲಿಗೆ ತಂದರು. ವರ್ನ್ ಹಲ್ಲು ಕಚ್ಚಿದ, ತೋಳು ಬೀಸಿದ, ಕೊನೆಯ ಗಳಿಗೆಯಲ್ಲಿ ಸ್ಪ್ರಿಂಗ್ ನೆನಪಾಗಿ ಕೈ ಮೆತ್ತಗಾಯಿತು. ಬಂಡಿ ಹಿಂದಕ್ಕೆ ಹೋಗಿ ಹಿಮದ ದಿಬ್ಬಕ್ಕೆ ಹೊಕ್ಕಿತು. ಔನೆ ಕೇಕೆ ಹಾಕಿದಳು. ಮೂರನೆಯ ಸಲ ಇಂಜಿನ್ ಒದೆಯಲೂ ಇಲ್ಲ. ಡುವೇನ್ ತನ್ನ ಟ್ರೇಲರಿನ ಹಲಗೆ ಇಳಿಸತೊಡಗಿದ. ಆ ಹಲಗೆ ಮಂಜಿನ ಮೇಲೆ ಸರಿದ ಸದ್ದಿಗೆ ವರ್ನ್‌ನ ಮುಖ ಸುಣ್ಣವಾಯಿತು.

ಹೆಜ್ಜೆ ಹೆಜ್ಜೆಗೂ ಪಚಕ್ ಪಚಕ್ ಎನ್ನುವ ಬೂಟಿನಲ್ಲಿ ಆರ್ಲೀನ್ ಬಂದಳು.

“ಸರಿ ಅತ್ಲಾಗೆ.”

“ಆರ್ಲೀನ್, ನಿಧಾನ. ಸ್ಪ್ರಿಂಗ್ ಜೋಪಾನ...”

“ಸ್ಪ್ರಿಂಗಾ!” ಆರ್ಲೀನ್ ಹಗ್ಗ ಹಿಡಿದಳು. “ನನ್ನ ಓವನ್ ಹೋಯ್ತು, ಸ್ಪ್ರಿಂಗ್ ಜೋಪಾನ! ಬ್ರೆಡ್ ಹೋಯ್ತು, ಸ್ಪ್ರಿಂಗ್ ಜೋಪಾನ! ಬೆನ್ನಿನ ಮೇಲೆ ಇನ್ನೂ ಬಣ್ಣ ಇದೆ, ಬೂಟಲ್ಲಿ ಕಾಫಿ ಇದೆ. ನನ್ನನ್ನ ಯಾವತ್ತಾದ್ರೂ ಜೋಪಾನ ಅಂದಿದ್ದೀಯಾ?”

ಎಳೆದಳು! ಆ ಎಳೆತದಲ್ಲಿ ಇಡೀ ದಾಂಪತ್ಯವಿತ್ತು. ಪಿಸ್ಟನ್ ಹಿಂದೆ ಮುಂದೆ ನೋಡಲಿಲ್ಲ. ನೋಡುವ ಧೈರ್ಯ ಯಾರಿಗಿತ್ತು? ಭರ್ರೆಂದು ಇಂಜಿನ್ ಹತ್ತಿತು. ಆರ್ಲೀನ್ ಹಾರಿ ಕೂತು ಕಡ್ಡಿ ಒತ್ತಿದಳು. ಬಂಡಿ ನೆಟ್ಟಗೆ ಮುಂದಕ್ಕೆ, ಸರೋವರದ ಬಯಲಿಗೆ ನುಗ್ಗಿತು. ಮಗಳ ಸೊಂಟ ತಬ್ಬಿದ ಔನೆಯ ಟೊಪ್ಪಿಯ ಕಿವಿಗಳು ಎರಡು ರೆಕ್ಕೆಗಳಂತೆ ಹಾರುತ್ತಿದ್ದವು. ಮಂಜಿನ ಮೇಲೆ ದೊಡ್ಡದೊಂದು ಸುತ್ತು ಹೊಡೆದು, ಇನ್ನೊಂದನ್ನೂ ಹೊಡೆದರು. ವರ್ನ್ ನಿಂತಲ್ಲೇ ನಿಂತು ನೋಡಿದ. ಇಂಜಿನ್ನಿನ ಸದ್ದು ಎಷ್ಟು ಶುದ್ಧವಾಗಿತ್ತೆಂದರೆ, ಅವನು ಕೋಪಿಸಿಕೊಳ್ಳುವುದನ್ನೂ ಮರೆತು ಟೊಪ್ಪಿ ತೆಗೆದ.

ಡುವೇನ್ ಅವನ ಕೈಗೊಂದು ನೆಲ ಒರೆಸುವ ಬಟ್ಟೆ ಕೊಟ್ಟ. “ಕಾಫಿ ಹೆಪ್ಪುಗಟ್ಟೋ ಮೊದಲು ಒರೆಸ್ಬೇಕಂತೆ. ಆರ್ಲೀನ್ ಹೊರಡುವಾಗ ಹೇಳಿ ಹೋದ್ಳು.”

ಔನೆ ಆಡಿದ ಮಾತಿಗೆ ತಪ್ಪುವವಳಲ್ಲ. ಓಡಿಸಿದವಳಿಗೇ ಬರೆದುಕೊಟ್ಟಳು. ಬಂಡಿ ಆರ್ಲೀನಳದಾಯಿತು.

ಮುಂದಿನ ವಾರ ತಾಯಿ ಮಗಳು ಇಬ್ಬರೂ ಖುಷಿಯಾಗಿ ತಿರುಗಾಟಕ್ಕೆ ಸಿದ್ಧರಾದರು. ಆರ್ಲೀನ್ ಹಾಡು ಗುನುಗುತ್ತಾ ಹಗ್ಗ ಎಳೆದಳು. ಬಂಡಿ ಹಿಂದಕ್ಕೆ ಸರಿದು ಶೆಡ್ಡಿನ ಬಾಗಿಲಿಗೆ ಗುದ್ದಿತು. ಇನ್ನೊಮ್ಮೆ ಎಳೆದಳು. ಮತ್ತೆ ಹಿಂದಕ್ಕೆ. ಖುಷಿಯಲ್ಲಿದ್ದ ಕೈಗೆ ಶನಿವಾರದ ಆ ಜೋರು ಬರಲೊಲ್ಲದು. ಸ್ವಲ್ಪ ಹೊತ್ತು ಇಂಜಿನ್ನನ್ನೇ ದಿಟ್ಟಿಸಿ ನೋಡಿ, ಮನೆಯ ಕಡೆ ತಿರುಗಿದಳು.

“ವರ್ನ್! ಕೋಟು ಹಾಕ್ಕೊಂಡು ಬಾ. ನೀನೂ ಬರ್ತಿದ್ದೀಯ.”

ವರ್ನ್ ಮಗುವಿನಂತೆ ಓಡಿ ಬಂದ. “ನಾನು ಓಡಿಸ್ಲಾ?”

“ಬೇಡ.”

“ಹಗ್ಗ ಎಳೀಲಾ?”

“ಮುಟ್ಟಬೇಡ.”

“ಮತ್ತೆ ನಾನ್ಯಾಕೆ?”

“ಇಲ್ಲಿ, ನನ್ನ ಪಕ್ಕದಲ್ಲಿ ನಿಂತ್ಕೋ,” ಎಂದಳು ಆರ್ಲೀನ್, ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ. “ಏನಾದ್ರೂ ಮಾತಾಡು.”