ಇಡೀ ನದಿಗೆ ಒಬ್ಬರೇ ಆಗಿರುವ ನೀರುನಾಯಿಯವರಿಗೆ

ಮಾನ್ಯರೇ,

ಮೀನು ಮುಗಿಸಿ ಬಂಡೆಯ ಮೇಲೆ ಮೈಯೊಣಗಿಸುತ್ತಿರುವ ತಮ್ಮ ವಿಶ್ರಾಂತಿಗೆ ಭಂಗ ತಂದದ್ದಕ್ಕೆ ಮೊದಲು ಕ್ಷಮೆ ಕೋರಿ, ಅಣೆಕಟ್ಟೆಯ ಕೆಳಗಿನ ಸಮಸ್ತ ನೀರಿನ ಏಕೈಕ ಒಡತಿಯಾದ ತಮಗೆ ಪ್ರಯೋಗಾಲಯದ ಸಹಾಯಕಿ ಮಾಡುವ ನಮಸ್ಕಾರಗಳು.

ತಾವು ಕಲ್ಲುಕಲ್ಲಿನ ಮೇಲೂ ಬಿಟ್ಟುಹೋದ ಹಿಕ್ಕೆಯನ್ನು ಚಳಿಗಾಲ ಪೂರ್ತಿ ಚಮಚದಲ್ಲಿ ಎತ್ತಿ ಡಬ್ಬಿಗೆ ತುಂಬಿದವಳು ನಾನೇ. ಪ್ರಯೋಗಾಲಯದ ಫ್ರಿಜ್ ಕೆಟ್ಟಾಗ ಅವನ್ನು ಮನೆಗೆ ತಂದು ಹಾಲಿನ ಪಕ್ಕ ಇಟ್ಟೆ. "ಈ ಮನೇಲಿ ಒಂದೋ ಅದಿರ್ಬೇಕು, ಇಲ್ಲಾ ನಾನಿರ್ಬೇಕು" ಎಂದು ನಮ್ಮತ್ತೆ ಮಗಳ ಮನೆಗೆ ಹೊರಟೇಬಿಟ್ಟರು. ತಮ್ಮ ಆ ಉಪಕಾರವನ್ನು ನಾನು ಮರೆತಿಲ್ಲ.

ಇಷ್ಟೊಂದು ಹಿಕ್ಕೆ ಕಂಡು ನಮ್ಮ ಸಾಹೇಬರು ತಮ್ಮದು ತುಂಬಿದ ಸಂಸಾರವೆಂದೇ ನಂಬಿ, ಸೇತುವೆಯ ಬಳಿ ಅಪ್ಪ, ಅಮ್ಮ, ಸಾಲು ಮರಿಗಳ ಚಿತ್ರ ಬರೆಸಿ, ಸಂರಕ್ಷಣೆ ಯಶಸ್ವಿಯಾಯಿತೆಂದು ಸನ್ಮಾನವನ್ನೂ ಮಾಡಿಸಿಕೊಂಡರು. ಆಮೇಲೆ ಡಿಎನ್‌ಎ ಫಲಿತಾಂಶ ಬಂತು. ಒಂದು ಪ್ರಾಣಿಗೂ ಇನ್ನೊಂದಕ್ಕೂ ಇರಲೇಬೇಕಾದ ಸಣ್ಣಪುಟ್ಟ ವ್ಯತ್ಯಾಸಗಳು ಯಾವ ಡಬ್ಬಿಯಲ್ಲೂ ಇರಲಿಲ್ಲ, ಎಲ್ಲವೂ ತಾವೇ. ಮರಿಗಳಿಲ್ಲ, ಯಜಮಾನರಿಲ್ಲ. ಒಬ್ಬರೇ ಇಡೀ ವಂಶದಷ್ಟು ದುಡಿದಿದ್ದೀರಿ! ಇಂಥ ಕಾರ್ಯದಕ್ಷತೆಯನ್ನು ನಮ್ಮ ಕಚೇರಿಯಲ್ಲಂತೂ ನಾನು ಕಂಡಿಲ್ಲ.

ಆ ಹಾಳೆ ಹಿಡಿದು ಒಂದೊಂದೇ ಡಬ್ಬಿಯ ಚೀಟಿಯನ್ನು ಮತ್ತೆ ತಾಳೆ ನೋಡಿದೆ. ಬಂಡೆಯಿಂದ ಬಂಡೆಗೆ ತಾವು ಗುರುತು ಬಿಡುತ್ತಿದ್ದುದು ತಮ್ಮವರು ಯಾರಾದರೂ ಮೂಸಿ ನೋಡಲೆಂದು. ಮೂಸಿದವಳು ನಾನೊಬ್ಬಳೇ.

ಸಾಹೇಬರು ಮಾತ್ರ ಧೃತಿಗೆಡಲಿಲ್ಲ. "ಒಂದೇ ಅಂತ ಯಾಕಮ್ಮಾ ಬರೀತೀಯ? 'ಕಂಡುಬಂದಿವೆ' ಅಂತ ಬಹುವಚನ ಹಾಕು, ಸಾಕು" ಎಂದರು. ವ್ಯಾಕರಣದಿಂದಲೇ ಸಂತಾನ ಪಡೆಯುವ ಈ ವಿದ್ಯೆ ತಮಗೂ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು! ನಾನು "ಒಂದು" ಎಂದೇ ಬರೆದೆ. ಅವರು ವರದಿಗೆ ಸಹಿ ಹಾಕದೆ, ನನ್ನನ್ನು ಶೀಷೆ ತೊಳೆಯಲು ಹಾಕಿದರು. ಸಹಿ ಬೇಕಿಲ್ಲದ ಕಾಗದ ಬಹಿರಂಗ ಪತ್ರವೊಂದೇ ಆದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಮುಂದಿನ ಗಣತಿಯೊಳಗೆ ತಾವು ದಯವಿಟ್ಟು ಹಲವರಾಗಬೇಕು. ಅದು ಕಷ್ಟವಾದರೆ, ಸಾವನ್ನಾದರೂ ಸಾಹೇಬರ ನಿವೃತ್ತಿಯವರೆಗೆ ಮುಂದೂಡಬೇಕಾಗಿ ಪ್ರಾರ್ಥನೆ.

ತಮ್ಮ ಗುರುತುಗಳ ಏಕೈಕ ಓದುಗಾರ್ತಿಯೂ ತಮ್ಮ ವಿಶ್ವಾಸಿಯೂ ಆದ,
'ಹಿಕ್ಕೆ ಮೇಡಂ'

ವಿ.ಸೂ.: ಅಣೆಕಟ್ಟೆಯ ಮೇಲ್ಗಡೆ ಗಂಡೊಬ್ಬರ ಹಿಕ್ಕೆ ಸಿಕ್ಕಿದೆ. ಕಟ್ಟೆ ಏಳುವ ಮುಂಚೆ ತಮ್ಮಿಬ್ಬರ ಹಿರಿಯರೂ ಒಂದೇ ಬಳಗವಾಗಿದ್ದರೆಂದು ಜೀನುಗಳು ಹೇಳುತ್ತವೆ. ಆದರೂ ಹತ್ತಿರದ ರಕ್ತವಲ್ಲ, ಸಂಬಂಧಕ್ಕೆ ಅಡ್ಡಿಯಿಲ್ಲ. ಕಟ್ಟೆಯ ಪಕ್ಕದಲ್ಲಿ ತಮ್ಮಂಥವರು ಹತ್ತಿ ಇಳಿಯಲು ದಾರಿ ಬಿಡಿಸುವ ಕಡತ ಸಾಹೇಬರ ಮೇಜಿನ ಮೇಲೆ ಮಲಗಿದೆ. ಅವರ ಕಿಟಕಿ ನದಿಯ ಕಡೆಗೇ ಇದೆ, ಚಿಲಕ ಸಡಿಲ. ತಮ್ಮ ಮುಂದಿನ ಮಾದರಿಯನ್ನು ದಯವಿಟ್ಟು ಆ ಕಡತದ ಮೇಲೆಯೇ ಬಿಟ್ಟುಹೋಗಬೇಕು.