ಹತ್ತನೇ ತರಗತಿಯ ಇಪ್ಪತ್ತೇಳು ಫೋಟೋ

ನನಗೆ ಕಂಪ್ಯೂಟರ್ ಬರುತ್ತದೆ ಎಂದು ಊರಿಗೆಲ್ಲ ಹೇಳಿದವನು ನಾನೇ. ಬೇರೆ ಯಾರೂ ಹೇಳಿರಲಿಲ್ಲ.

ನಾರಾಯಣಖೇಡದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ತೆಲಂಗಾಣ ಚಳವಳಿಯ ಕಾವೇರಿದ ದಿನಗಳವು. ವಾರದಲ್ಲಿ ಎರಡು ದಿನ ಬಂದ್, ಒಂದು ದಿನ ರಸ್ತೆ ತಡೆ, ಉಳಿದ ದಿನಗಳಲ್ಲಿ ನಾಳೆ ಬಂದ್ ಇದೆಯೋ ಇಲ್ಲವೋ ಎಂಬ ಚರ್ಚೆ. ಅಂಥದ್ದರಲ್ಲಿ ಒಂದು ಆದೇಶ ಬಂತು. ಹತ್ತನೇ ತರಗತಿ ಮಕ್ಕಳ ಪರೀಕ್ಷೆಯ ಅರ್ಜಿಯನ್ನು ಈ ಸಲ ವೆಬ್‌ಸೈಟಿನಲ್ಲಿ ತುಂಬಬೇಕು, ಪ್ರತಿ ಮಗುವಿನ ಫೋಟೋ ಏರಿಸಬೇಕು, ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ!

ನಮ್ಮ ಹೆಡ್ ಮಾಸ್ಟರ್ ಬಸವಣ್ಣಪ್ಪ ಸರ್ ಆ ಕಾಗದವನ್ನು ಮೂರು ಸಲ ಓದಿ, ಕನ್ನಡಕ ಒರೆಸಿ, ನಾಲ್ಕನೆಯ ಸಲ ಓದಿದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಮನುಷ್ಯ. ಹಾಜರಿ ಪುಸ್ತಕವೊಂದನ್ನು ಬಿಟ್ಟು ಬೇರೆ ಯಾವ ಯಂತ್ರವನ್ನೂ ನಂಬಿದವರಲ್ಲ.

"ಖೇಡದಾಗ ನೆಟ್ ಸೆಂಟರ್‌ದಾಗ ಮಾಡ್ಸೋಣೇನ್ರಿ?" ಎಂದರು.

"ಯಾಕ್ರಿ ಸರ್? ನಾ ಇಲ್ಲೇನು? ಒಂದು ತಾಸಿನ ಕೆಲಸ."

ಒಂದು ತಾಸು! ಈ ಮಾತನ್ನು ನಾನು ಇಡೀ ಸ್ಟಾಫ್ ರೂಮಿನ ಎದುರು ಆಡಿದೆ. ಸಾಕ್ಷಿಗಳು ಏಳು ಜನ.

ಮನೆಗೆ ಬಂದು ನನ್ನ ಹೊಸ ಲ್ಯಾಪ್‌ಟಾಪ್ ತೆರೆದೆ. ವೆಬ್‌ಸೈಟು ಬಂತು. ಅರ್ಜಿ ಇರಬೇಕಾದ ಜಾಗದಲ್ಲಿ ಒಂದು ಬೂದು ಚೌಕ, ಅದರ ಮೂಲೆಯಲ್ಲಿ ಒಂದು ಕೆಂಪು ಗುಣಾಕಾರ ಚಿಹ್ನೆ. ಆ ಅಪ್ಲಿಕೇಶನ್ ಬಹಳ ಹಳೆಯದಂತೆ. ಹಳೆಯ ಬ್ರೌಸರಿನಲ್ಲಿ, ಅದೂ ಒಂದು ಹಳೆಯ ಸಹಾಯಕ ಪ್ರೋಗ್ರಾಮಿನ ಆಸರೆಯಲ್ಲಿ ಮಾತ್ರ ಕಣ್ಣು ಬಿಡುತ್ತದಂತೆ. ಅದೇನು ಮಹಾ, ಆ ಪ್ರೋಗ್ರಾಮನ್ನು ಹುಡುಕಿ ಇಳಿಸಿಕೊಂಡರಾಯಿತು ಎಂದು ಸಿಕ್ಕ ಸಿಕ್ಕಲ್ಲಿ ಒತ್ತಿದೆ. ಅದೊಂದು ಬಿಟ್ಟು ಉಳಿದದ್ದೆಲ್ಲ ಇಳಿಯಿತು. ಬ್ರೌಸರಿನ ತಲೆಯ ಮೇಲೆ ಮೂರು ಹೊಸ ಪಟ್ಟಿಗಳು ಬಂದು ಕೂತವು. ಲ್ಯಾಪ್‌ಟಾಪ್ ತೆರೆದಾಗಲೆಲ್ಲ ನನಗೆ ತಿಳಿಯದ ಭಾಷೆಯಲ್ಲಿ ರಾಶಿ ಭವಿಷ್ಯ ಕಾಣತೊಡಗಿತು.

ನನ್ನ ಹೆಂಡತಿ ಜಗದೇವಿ ಹಿಂದೆ ಬಂದು ನಿಂತಳು. "ಏನ್ ಮಾಡ್ಲತ್ತೀರಿ?"

"ಸರ್ಕಾರಿ ಕೆಲಸ."

"ಸರ್ಕಾರಿ ಕೆಲಸದಾಗ ಈ ಪೋರಿ ಯಾಕ ಕುಣಿಲತ್ತಾಳ?"

ಯಾವುದೋ ಜಾಹೀರಾತು. ಮುಚ್ಚಿದರೆ ಇನ್ನೊಬ್ಬಳು ಬರುತ್ತಿದ್ದಳು!

ಮರುದಿನ ಕದ್ದುಮುಚ್ಚಿ ಖೇಡದ ನೆಟ್ ಸೆಂಟರಿಗೇ ಹೋದೆ. ಅಲ್ಲಿಯ ಮಾಲೀಕ ಬೂದು ಚೌಕವನ್ನು ನೋಡಿ ತಲೆ ಅಲ್ಲಾಡಿಸಿದ. "ಸರ್, ಇದು ನಮ್ಮ ಅಜ್ಜನ ಕಾಲದ್ದು ಅದರಿ. ನಮ್ಮ ಮಷೀನ್ ಎಲ್ಲಾ ನಯಾ ಅವ. ಯಾರ್ ಹತ್ರಾದ್ರೂ ಪುರಾನಾ ಮಷೀನ್ ಇದ್ರ ನೋಡ್ರಿ."

ಆಗ ಹೊಳೆದದ್ದು ಜಗದೇವಿಯ ತಮ್ಮ ವೀರಶೆಟ್ಟಿ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಒಂದು ಘಟಕದಲ್ಲಿ ಆತ ಮ್ಯಾನೇಜರ್. ಅವರ ಆಫೀಸಿನ ಕಂಪ್ಯೂಟರನ್ನು ಕೊಂಡ ದಿನದಿಂದ ಯಾರೂ ಬದಲಿಸಿಲ್ಲ, ಒರೆಸಿಯೂ ಇಲ್ಲ. ಫೋನು ಮಾಡಿದೆ. "ಬರ್ರಿ ಭಾವ, ನಮ್ದು ಅಗದಿ ಪುರಾನಾ ಅದ" ಎಂದು ಆತ ಅಭಿಮಾನದಿಂದ ಹೇಳಿದ.

ಇಪ್ಪತ್ತೇಳು ಮಕ್ಕಳ ಫೋಟೋಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಬೈಕ್ ಹತ್ತಿದೆ. ಬಸ್ಸುಗಳು ನಿಂತಿದ್ದವು. ಜಹೀರಾಬಾದಿನಲ್ಲಿ ನಡುರಸ್ತೆಯಲ್ಲೇ ಒಲೆ ಹೂಡಿ ಅಡುಗೆ ನಡೆದಿತ್ತು. ಅದೂ ಚಳವಳಿಯ ಒಂದು ಬಗೆ. ತಡೆದವರಿಗೆ ಅವಸರದಲ್ಲಿದ್ದೇನೆ ಎಂದೆ. ಹಾಗಾದರೆ ಮೊದಲ ಪಂಕ್ತಿಯಲ್ಲೇ ಕೂಡ್ರಿ ಎಂದರು! ಎರಡು ಸಲ ಹುಳಿಯನ್ನ ಬಡಿಸಿಕೊಂಡು, ನಾಲ್ಕು ಸಲ "ಜೈ ತೆಲಂಗಾಣ" ಕೂಗಿ, ತಾಂಡೂರು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು.

ಕಂಪ್ಯೂಟರಿನ ಮೇಲೆ ಕಲ್ಲಿನ ಪುಡಿ ಎಷ್ಟಿತ್ತೆಂದರೆ ಮೊದಲು ಅದೂ ಒಂದು ಕಲ್ಲೇ ಅಂದುಕೊಂಡೆ. ಆದರೆ ಚಾಲು ಮಾಡಿದರೆ, ಬೂದು ಚೌಕವಿದ್ದಲ್ಲಿ ಅರ್ಜಿ ತೆರೆಯಿತು! ನಾನು ವೀರಶೆಟ್ಟಿಯನ್ನು ತಬ್ಬಿಕೊಂಡೆ. ಇಬ್ಬರ ಅಂಗಿಯೂ ಬೆಳ್ಳಗಾಯಿತು.

ಆ ಅಪ್ಲಿಕೇಶನ್ನಿಗೆ ಒಂದು ಹಠವಿತ್ತು. ಫೋಟೋ ಅದು ಹೇಳಿದ ಫೋಲ್ಡರಿನಲ್ಲೇ ಇರಬೇಕು, ಫೈಲಿನ ಹೆಸರು 'ಫೋಟೋ' ಎಂದೇ ಇರಬೇಕು. ಒಂದು ಮಗುವಿನದು ಏರಿಸಿದ ಮೇಲೆ ಅದನ್ನು ತೆಗೆದು, ಮುಂದಿನ ಮಗುವಿನ ಫೋಟೋಗೆ ಅದೇ ಹೆಸರು ಕೊಟ್ಟು ಅದೇ ಜಾಗದಲ್ಲಿ ಇಡಬೇಕು.

ನಾನು ವಿಜ್ಞಾನದ ಮೇಷ್ಟ್ರು. ಮೊದಲ ಪ್ರಯೋಗವನ್ನು ಮಕ್ಕಳ ಮೇಲೆ ಮಾಡುವವನಲ್ಲ. ಆದ್ದರಿಂದ ಪೆನ್ ಡ್ರೈವಿನಲ್ಲಿದ್ದ ನನ್ನದೇ ಫೋಟೋ ಒಂದನ್ನು, ಹೆಣ್ಣಿನ ಕಡೆಯವರಿಗೆ ಕಳಿಸಲೆಂದು ಮದುವೆಗೆ ಮುಂಚೆ ತೆಗೆಸಿ ಆಮೇಲೆ ಸ್ಕ್ಯಾನ್ ಮಾಡಿಸಿಟ್ಟಿದ್ದನ್ನು, ಏರಿಸಿ ನೋಡಿದೆ. 'ಯಶಸ್ವಿ' ಎಂದು ಬಂತು. ಫೋಟೋ ಕಾಣಬೇಕಾದಲ್ಲಿ ಏನೂ ಕಾಣಲಿಲ್ಲ. ಹಳೆಯ ಮಷೀನು, ಅದಕ್ಕೂ ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ನನ್ನದನ್ನು ತೆಗೆದು ಮಕ್ಕಳ ಫೋಟೋಗಳನ್ನು ಒಂದೊಂದಾಗಿ ಇಟ್ಟೆ. ಯಶಸ್ವಿ. ಯಶಸ್ವಿ. ಯಶಸ್ವಿ. ಇಪ್ಪತ್ತೇಳು ಸಲ! ನನ್ನ ಜೀವನದಲ್ಲಿ ಒಂದೇ ದಿನ ಅಷ್ಟು ಸಲ ಆ ಮಾತು ಕೇಳಿದ್ದಿಲ್ಲ.

ಕೊನೆಗೆ ಎಲ್ಲ ಅರ್ಜಿಗಳ ಒಂದು ಫೈಲು ಇಳಿಯಿತು. ತೆರೆದು ನೋಡಿದೆನೇ? ಇಲ್ಲ. ಯಶಸ್ಸನ್ನು ಯಾರಾದರೂ ತೆರೆದು ನೋಡುತ್ತಾರೆಯೇ!

ಶಾಲೆಯಲ್ಲಿ ನನ್ನ ಬೆಲೆ ಏರಿತು. ಬಸವಣ್ಣಪ್ಪ ಸರ್ ಆ ಫೈಲನ್ನು ಖೇಡದಲ್ಲಿ ಪ್ರಿಂಟ್ ತೆಗೆಸಿದರು. ಯಂತ್ರದ ಮಸಿ ಕೆಟ್ಟಿತ್ತೋ ಏನೋ, ಫೋಟೋಗಳೆಲ್ಲ ಕರ್ರಗೆ ಬಂದಿದ್ದವು. "ಇರ್ಲಿ, ಹೆಸರು ತಾರೀಖು ಬರೋಬರ್ ಅವ ಇಲ್ಲೋ ನೋಡ್ರಿ" ಎಂದರು. ಏಳು ಮೇಷ್ಟ್ರುಗಳು ಕೂತು ಹೆಸರು ನೋಡಿದೆವು, ಹುಟ್ಟಿದ ತಾರೀಖು ನೋಡಿದೆವು, ತಂದೆಯ ಹೆಸರಿನ ಒಂದೊಂದು ಅಕ್ಷರ ನೋಡಿದೆವು. ಎಲ್ಲ ಸರಿ! ಇನ್ನು ತಂದೆತಾಯಿಗಳ ಸಹಿ ಮಾತ್ರ ಬಾಕಿ. ಅರ್ಜಿ ತಿದ್ದಲು ಮರುದಿನ ಸಂಜೆಯೇ ಕೊನೆಯ ಗಡುವು. ತಿದ್ದುವುದೇನಿದೆ ಎಂದು ನಾನು ನಕ್ಕಿದ್ದೆ.

ಸಹಿಗೆ ಮೊದಲು ಬಂದವನು ಮಾರುತಿ. ಖೇಡದ ಮಾರ್ಕೆಟ್ಟಿನಲ್ಲಿ ತೊಗರಿ ಚೀಲ ಹೊರುವ ಹಮಾಲಿ. ಅವನ ಮಗಳು ಸುಜಾತಾ ನಮ್ಮ ತರಗತಿಗೇ ಮೊದಲನೆಯವಳು. ಆ ಮನೆಯಲ್ಲಿ ಹತ್ತನೇ ತರಗತಿಯ ಬಾಗಿಲು ಮುಟ್ಟಿದವರಲ್ಲೂ ಮೊದಲನೆಯವಳು. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದ. ಓದು ಬರಹ ಬಾರದು. ಹೆಬ್ಬೆಟ್ಟು ಒತ್ತಲು ಮಸಿ ಡಬ್ಬಿ ಮುಂದಿಟ್ಟೆ. ಅವನು ಒತ್ತಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಸರ್, ಇದು ನಮ್ಮ ಸುಜಾತಾಂದೇನ್ರಿ?"

"ಹೌದಪಾ. ನೋಡು, ಹೆಸರು ಬರೆದದ."

"ಹೆಸರು ನನಗ ತಿಳಿಯಂಗಿಲ್ಲರಿ. ಆದ್ರ ನಮ್ಮ ಹುಡುಗಿಗ ಮೀಸಿ ಇಲ್ಲರಿ."

ಮಾರುತಿ ಕಾಗದವನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿ, ಬಹಳ ಮರ್ಯಾದೆಯಿಂದ ಅಂದ: "ಇದು ನಿಮ್ದದರಿ, ಸರ್."

ಬಸವಣ್ಣಪ್ಪ ಸರ್ ಉಳಿದ ಇಪ್ಪತ್ತಾರು ಕಾಗದಗಳನ್ನು ಕಿಟಕಿಗೆ ಹಿಡಿದರು. ಅಂಬಿಕಾ, ನಾನು. ರಫೀಕ್, ನಾನು. ಕಾಶೀನಾಥ, ನಾನು. ಲಕ್ಷ್ಮಿ, ನಾನೇ! ಎಲ್ಲ ಕಡೆಯೂ ಕೂದಲು ಬಾಚಿಕೊಂಡು, ಮೀಸೆ ತೀಡಿಕೊಂಡು, ಹೆಣ್ಣು ಒಪ್ಪಲಿ ಎಂದು ಸಣ್ಣಗೆ ನಗುತ್ತಿದ್ದೇನೆ.

"ಒಂದು ತಾಸಿನ ಕೆಲಸ ಅಂದಿದ್ರಿ" ಎಂದರು ಸರ್. ಅಷ್ಟೇ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮಾರುತಿ ಇನ್ನೂ ನಿಂತಿದ್ದ. "ನಮ್ಮ ಹುಡುಗಿ ಪರೀಕ್ಷಾ ಬರೀತಾಳಿಲ್ರೀ?" ಎಂದು ಕೇಳಿದ. ಬರೀತಾಳೆ ಎಂದೆ. ನನ್ನ ಜಂಬಕ್ಕೆ ಇಪ್ಪತ್ತೇಳು ಮಕ್ಕಳ ಒಂದು ವರ್ಷ ಹೋಗುತ್ತದಲ್ಲ ಎಂಬ ಭಯಕ್ಕೆ ಅಂದು ಊಟ ಸೇರಲಿಲ್ಲ. ಸಂಜೆ ಜಗದೇವಿಗೆ ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

"ಆ ಫೋಟೋ ನೋಡಿ ಮೋಸ ಹೋದಾಕಿ ನಾ ಒಬ್ಬಾಕಿನೇ ಅಂತ ತಿಳ್ಕೊಂಡಿದ್ದೆ" ಎಂದಳು. "ಈಗ ಸರ್ಕಾರಕ್ಕ ಭೀ ಕಳ್ಸಿರೇನ್ರಿ?"

ಮರುದಿನ ಸಂಪೂರ್ಣ ಬಂದ್. ನಾನು ಬೆಳಕು ಹರಿಯುವ ಮುಂಚೆ ಬೈಕ್ ತೆಗೆದರೆ, ಮನೆ ಮುಂದೆ ಬಸವಣ್ಣಪ್ಪ ಸರ್ ನಿಂತಿದ್ದರು. ತಲೆಗೆ ಟವೆಲ್, ಕಂಕುಳಲ್ಲಿ ಹಾಜರಿ ಪುಸ್ತಕ.

"ಸರ್, ನೀವ್ಯಾಕ? ನಾ ಹೋಗಿ ಬರ್ತೀನಿ."

"ನೀವು ಹೋಗಿ ಬಂದಿದ್ದು ನೋಡೀನಿ. ನಡೀರಿ."

ಜಹೀರಾಬಾದಿನಲ್ಲಿ ಮತ್ತೆ ತಡೆದರು. ಸರ್ ಕೆಳಗಿಳಿದು, ಮಕ್ಕಳ ಪರೀಕ್ಷೆಯ ಕೆಲಸ ಎಂದು ತೆಲುಗಿನಲ್ಲಿ ಒಂದೇ ಮಾತು ಹೇಳಿದರು. ಬಿದ್ದಿದ್ದ ಕಲ್ಲುಗಳನ್ನು ಹುಡುಗರೇ ಸರಿಸಿ ದಾರಿ ಬಿಟ್ಟರು. ಈ ಮಾತು ನನಗೆ ಮೊದಲ ಸಲ ಯಾಕೆ ಹೊಳೆಯಲಿಲ್ಲವೋ!

ತಾಂಡೂರಿನಲ್ಲಿ ಸರ್ ಕಂಪ್ಯೂಟರಿನ ಮುಂದೆ ಕೂತರು. ಕೀಲಿಮಣೆ ಮುಟ್ಟಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಗೆ, ಪಾಠ ಓದಿದ ಹಾಗೆ ಓದಿದರು. ಒಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಸೂಚನೆಗಳು' ಎಂದಿತ್ತು. "ಇದು ಓದಿರೇನ್ರಿ?"

ನಾನು ಚಪ್ಪಲಿಯ ಕಡೆ ನೋಡಿದೆ.

ಒತ್ತಿಸಿದರು. ಒಂಬತ್ತನೆಯ ಸೂಚನೆ ಸ್ಪಷ್ಟವಾಗಿತ್ತು: ಪ್ರತಿ ಫೋಟೋ ಏರಿಸಿದ ಮೇಲೆ ಬ್ರೌಸರಿನ ತಾತ್ಕಾಲಿಕ ಫೈಲುಗಳನ್ನು ಅಳಿಸಿ, ಬ್ರೌಸರ್ ಮುಚ್ಚಿ ತೆರೆಯಬೇಕು. ಆಗ ತಿಳಿಯಿತು. ಬ್ರೌಸರು ಮೊದಲು ನೋಡಿದ ನನ್ನ ಫೋಟೋವನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿತ್ತು. ಅದೇ ಹೆಸರಿನ ಫೈಲು ಮತ್ತೆ ಬಂದಾಗಲೆಲ್ಲ, ಇದು ಗೊತ್ತಿರುವುದೇ ಎಂದು ಹೊಸದನ್ನು ನೋಡದೆ ಹಳೆಯದನ್ನೇ ಕಳಿಸಿತ್ತು.

ಸರ್ ಹಾಜರಿ ಪುಸ್ತಕ ಬಿಚ್ಚಿ ಪೆನ್ನು ತೆಗೆದರು. "ಸುಜಾತಾ!"

ನಾನು ಅಳಿಸಿದೆ, ಮುಚ್ಚಿದೆ, ತೆರೆದೆ, ಏರಿಸಿದೆ, ಅರ್ಜಿಯ ಫೈಲನ್ನು ಇಳಿಸಿ ತೆರೆದು ನೋಡಿದೆ. ಎರಡು ಜಡೆ, ಗಟ್ಟಿ ಮುಚ್ಚಿದ ತುಟಿ. ಸುಜಾತಾ!

"ಬಂದ್ಳು ಸರ್!"

ಸರ್ ಒಂದು ಗುರುತು ಹಾಕಿದರು. "ರಫೀಕ್!"

"ಬಂದ ಸರ್!"

ಹೀಗೆ ಇಡೀ ತರಗತಿಯ ಹಾಜರಿ. ನಡುವೆ ಎರಡು ಸಲ ಕರೆಂಟ್ ಹೋಯಿತು. ಹೋದಾಗ ಸರ್ ಕಣ್ಣು ಮುಚ್ಚಿ ಕೂತರು. ನಾನು ಕಲ್ಲುಗಳ ನಡುವೆ ಓಡಾಡಿದೆ. ಗಡುವು ಐದು ಗಂಟೆಗೆ. ನಾಲ್ಕು ಐವತ್ತೆರಡಕ್ಕೆ ಇಪ್ಪತ್ತೇಳನೆಯ ಲಕ್ಷ್ಮಿ ಬಂದಳು. ನಾನು ನೆಲದ ಮೇಲೇ ಕೂತುಬಿಟ್ಟೆ. ವೀರಶೆಟ್ಟಿ ಚಹಾ ತಂದುಕೊಟ್ಟ. ಅದರಲ್ಲೂ ಕಲ್ಲಿನ ಪುಡಿ ಇತ್ತು. ಅಷ್ಟು ರುಚಿಯಾದ ಚಹಾ ನಾನು ಇವತ್ತಿನವರೆಗೂ ಕುಡಿದಿಲ್ಲ.

ಸರ್ ಮಾತ್ರ ಇನ್ನೂ ಪರದೆ ಓದುತ್ತಿದ್ದರು. ಅಲ್ಲಿ ಮೇಲ್ಗಡೆ ಒಂದು ಸಾಲು ಬೆಳಗಿನಿಂದ ಓಡುತ್ತಿತ್ತಂತೆ. "ಬಂದ್ ಕಾರಣಕ್ಕ ತಾರೀಖು ಹತ್ತು ದಿನ ಮುಂದ ಹೋಗ್ಯಾದ ನೋಡ್ರಿ" ಎಂದರು.

"ಸರ್! ಮುಂಜಾನೆನೇ ನೋಡಿದ್ರೇನು?"

"ನೋಡಿದ್ದೆ. ಹೇಳಿದ್ರ ನೀವು ಮತ್ತ ಒಂದು ತಾಸಿನ ಕೆಲಸ ಅಂತಿದ್ರಿ."

ಪರೀಕ್ಷೆಗೆ ಮುಂಚೆ ಹಾಲ್ ಟಿಕೆಟ್ ಬಂದವು. ಇಪ್ಪತ್ತೇಳು ಟಿಕೆಟ್, ಇಪ್ಪತ್ತೇಳು ಬೇರೆ ಬೇರೆ ಮುಖ. ಜಗತ್ತಿನಲ್ಲಿ ಅದಕ್ಕಿಂತ ಸುಂದರವಾದ ದೃಶ್ಯ ಇರಲಾರದು. ಮಾರುತಿ ಮಗಳ ಜೊತೆ ಬಂದು ಟಿಕೆಟನ್ನು ಬೆಳಕಿಗೆ ಹಿಡಿದು ನೋಡಿ, ಸುಜಾತಾಳನ್ನು ನೋಡಿ, ಮತ್ತೆ ಟಿಕೆಟ್ ನೋಡಿ, ಮಡಚದೆ ಅವಳ ಪುಸ್ತಕದೊಳಗೆ ಇಟ್ಟ. ನಾನು ಕೈಮುಗಿದೆ. ಅವನಿಗೆ ನಾಚಿಕೆಯಾಯಿತು. ಪಾಪ, ನನಗೆ ಬೇಜಾರಾಗಬಾರದೆಂದು ಒಂದು ಒಳ್ಳೆಯ ಮಾತೂ ಹೇಳಿದ.

"ನಿಮ್ಮ ಫೋಟೋ ಭೀ ಚಂದಿತ್ತರಿ ಸರ್. ಆದ್ರ ಹತ್ತನೇ ಪಾಸಾಗೋ ಮುಖ ಅಲ್ಲರಿ ಅದು."

ಅವನಿಗೆ ಯಾರು ಹೇಳಿದರೋ ಕಾಣೆ. ನಾನು ಪಾಸಾದದ್ದು ಮೂರನೆಯ ಸಲಕ್ಕೆ.