ಪ್ರೊಫೆಸರು ಎಷ್ಟನೇ ಲೆವೆಲ್ಲಿನಲ್ಲಿ?

ಊಹಿಸಿ ನೋಡೋಣ. ಸುಡುಸುಡು ಮಧ್ಯಾಹ್ನ. ನಂದಿದುರ್ಗ ಎಂಬ ಚಿನ್ನದ ಗಣಿಯ ಪಕ್ಕದ ಒಂದು ಶಾಲೆ. ಅದರೊಳಕ್ಕೆ ಗಣಿ ಕೆಲಸಗಾರರು ದಂಡುದಂಡಾಗಿ ನುಗ್ಗುತ್ತಾರೆ. ತಲೆಯ ಮೇಲೆ ಚೆಂಡುಹೂವಿನ ಹಾರ ಸುತ್ತಿದ ಹೆಲ್ಮೆಟ್ಟು, ಹೆಗಲ ಮೇಲೆ ಹಗ್ಗ, ಕೈಯಲ್ಲಿ ಕುಂಕುಮ ಬಳಿದ ಹಾರೆ. ಒಬ್ಬನ ಕೈಯಲ್ಲಂತೂ, ಆ ಬಿಸಿಲಿನಲ್ಲಿ, ಉರಿಯುತ್ತಿರುವ ಕಾರ್ಬೈಡ್ ದೀಪ! ಎಲ್ಲರಿಗಿಂತ ಮುಂದಿದ್ದವನು ನನ್ನ ಭುಜ ಹಿಡಿದು ಅಲುಗಾಡಿಸಿ ಕೇಳುತ್ತಾನೆ: "ಪ್ರೊಫೆಸರು ಎಷ್ಟ್ನೇ ಲೆವೆಲ್ನಾಗವ್ರೆ ಸಾರ್?"

ಏನಾಗಿರಬಹುದು? ಇಲ್ಲ, ನಿಮ್ಮ ಊಹೆ ಸರಿಯಲ್ಲ. ಅದೂ ಅಲ್ಲ. ಬಿಡಿ, ನಾನೇ ಹೇಳುತ್ತೇನೆ. ಹೇಳದೆ ಇರಲು ನನ್ನ ಕೈಲಿ ಎಲ್ಲಿ ಆಗುತ್ತದೆ! ವಿಶ್ವವಿದ್ಯಾನಿಲಯವನ್ನೂ ಚಿನ್ನದ ಗಣಿಯನ್ನೂ ಒಂದೇ ಸೂರಿನ ಕೆಳಗೆ ತಂದು ಕೂರಿಸಿದರೆ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯದ ದಿನ ನಮಗೇ ಊಟ ರುಚಿಸುತ್ತಿರಲಿಲ್ಲ.

ಆಗ ನಾನು ವಿಶ್ವವಿದ್ಯಾನಿಲಯದಲ್ಲಿ ಹಂಗಾಮಿ ಅಧ್ಯಾಪಕ. ಬಿಸಿರಕ್ತ, ಎರಡು ಜೊತೆ ಪ್ಯಾಂಟು, ಬಂಗಾರಪೇಟೆಯಲ್ಲಿ ಮನೆ. ನಮ್ಮ ವಿಭಾಗದವರು ದಸರಾ ರಜೆಯಲ್ಲಿ ಊರುಗಳಿಗೆ ಹೋಗಿ ಮಕ್ಕಳಿಗೂ ಮನೆಮಂದಿಗೂ ಶಿಬಿರ ನಡೆಸುತ್ತಿದ್ದರು. ವಿಜ್ಞಾನ, ಚಿತ್ರ, ನಾಟಕ, ದೊಡ್ಡವರಿಗೆ ಉಪನ್ಯಾಸ. "ನಮ್ಮ ಗಣಿ ಕಡೆಗೂ ಒಂದು ಸಲ ಬನ್ನಿ ಸಾರ್" ಎಂದು ವಿಭಾಗದ ಮುಖ್ಯಸ್ಥರಾದ ಪ್ರೊಫೆಸರರ ಬೆನ್ನು ಹತ್ತಿದೆ. ಅವರು ಕನ್ನಡಕದ ಮೇಲಿಂದ ನೋಡಿ ಹೇಳಿದರು:

"ಮಕ್ಕಳು ಯಾರು ಕರೆದರೂ ಬರ್ತಾವೆ ಕಣಯ್ಯ. ಅಪ್ಪ ಅಮ್ಮ ಬರಬೇಕು, ಅದು ಮುಖ್ಯ. ಕಡೇ ದಿನ ನಾನೇ ಬಂದು ನೋಡ್ತೀನಿ. ಮನೆಮಂದಿ ತುಂಬಿರದಿದ್ದರೆ ಮುಂದಿನ ವರ್ಷ ಶಿಬಿರ ಬೇರೆ ಊರಿಗೆ. ನೀನೂ ಬೇರೆ ಕೆಲಸ ನೋಡ್ಕೋ."

ಹೀಗೆ ನನ್ನ ಕೆಲಸ, ನಮ್ಮ ಕಡೆಯ ಶಿಬಿರ, ಎರಡೂ ಒಂದೇ ದಾರದಲ್ಲಿ ನೇತಾಡತೊಡಗಿದವು.

ಬಾಗಿಲ ಅಜ್ಜಿ

ನವರಾತ್ರಿಯ ಮೊದಲ ದಿನ. ಬಂಗಾರಪೇಟೆಯಿಂದ ಬೆಳಗಿನ ರೈಲಿನಲ್ಲಿ ಬಣ್ಣದ ಕಾಗದ, ಭೂಗೋಲ, ಭೂತಗನ್ನಡಿ ಎಲ್ಲ ಹೊತ್ತು ಬಂದಿಳಿದೆ. ಶಾಲೆಯ ಮುಂದೆ ಮಕ್ಕಳು ಜಾತ್ರೆಯ ಹಾಗೆ ನೆರೆದಿವೆ. ಆದರೆ ಒಂದೂ ಒಳಗೆ ಬರುತ್ತಿಲ್ಲ. ತಾಯಂದಿರು ಕೈ ಬಿಟ್ಟರೆ ತಾನೆ! ಅವರ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬ ಅಜ್ಜಿ.

"ಯಾರ್ಲಾ ಇಲ್ಲಿ ಮೇಷ್ಟ್ರು? ನೀನಾ? ಬೋರ್ಡ್ ಎಲ್ಲೈತೆ?"

"ಕಪ್ಪು ಹಲಗೆ ಒಳಗಿದೆ ಅಜ್ಜಿ."

"ಅದಲ್ಲ ಕಣ್ಲಾ, ಟೋಕನ್ ಬೋರ್ಡು! ಮಕ್ಳು ಒಳೀಕೆ ಓಯ್ತಾವೆ. ಈಚೀಕೆ ಎಷ್ಟ್ ಬಂದ್ವು, ಎಷ್ಟ್ ಬರ್ಲಿಲ್ಲ, ಯಾರ್ ನೋಡೋರು?"

ಗಣಿಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗಣಿಯ ಬಾಗಿಲಲ್ಲಿ ಮೊಳೆ ಹೊಡೆದ ಹಲಗೆ. ಪ್ರತಿ ಮೊಳೆಗೂ ಒಂದು ನಂಬರಿನ ಹಿತ್ತಾಳೆ ಬಿಲ್ಲೆ, ಅದೇ ಟೋಕನ್ನು. ಕೆಳಗೆ ಇಳಿಯುವವನು ತನ್ನ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದಮೇಲೆ ಮತ್ತೆ ನೇತುಹಾಕಬೇಕು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದೇ ಅರ್ಥ. ಅಜ್ಜಿಯ ಗಂಡನ ಮೊಳೆ ಒಂದು ಸಲ ಎರಡು ದಿನ ಖಾಲಿ ಇತ್ತಂತೆ. ಮೂರನೆಯ ದಿನ ಆತ ಎಲ್ಲರನ್ನೂ ಬೈದುಕೊಂಡೇ ಮೇಲೆ ಬಂದನಂತೆ. ಅವತ್ತಿನಿಂದ ಅಜ್ಜಿಗೆ ಖಾಲಿ ಮೊಳೆ ಕಂಡರೆ ಆಗದು.

ಸರಿ, ಬಿಸ್ಕತ್ತಿನ ತಗಡು ಕತ್ತರಿಸಿ ಬಿಲ್ಲೆ ಮಾಡಿಸಿದೆವು, ಹಲಗೆಗೆ ಮೊಳೆ ಹೊಡೆದೆವು. ಅಜ್ಜಿ ಯಾರೂ ಕೇಳದೆಯೇ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಕಡೆಯ ಬಿಲ್ಲೆ ಮೊಳೆಗೆ ಬಿದ್ದಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗುವಳು: "ಎಲ್ರೂ ಮ್ಯಾಕ್ ಬಂದ್ರು!" ಆಮೇಲೆಯೇ ತಾಯಂದಿರು ಒಲೆಯ ಮುಂದಿನಿಂದ ಏಳುವುದು.

ಆ ಮೊದಲ ದಿನ ಟೋಕನ್ ಇಲ್ಲ ಎಂದು ಅಜ್ಜಿ ಒಬ್ಬನನ್ನು ಮಾತ್ರ ಹೊರಗೆ ನಿಲ್ಲಿಸಿದಳು. ಉದ್ಘಾಟನೆಯ ಭಾಷಣ ಮಾಡಬೇಕಾಗಿದ್ದ ನನ್ನನ್ನು.

ಕಲ್ಲಿನ ಪಾಠ

ಮೂರನೆಯ ದಿನ ಭೂವಿಜ್ಞಾನದ ಅಧ್ಯಾಪಕರೊಬ್ಬರು ಬಂದರು. ಬಹಳ ಒಳ್ಳೆಯವರು, ಕಲ್ಲಿನ ಜೊತೆ ಮಾತಾಡುವಷ್ಟು ಪ್ರೀತಿ. ಚೀಲದಿಂದ ಬಟ್ಟೆ ಸುತ್ತಿದ ಒಂದು ಬಿಳಿಯ ಕಲ್ಲು ತೆಗೆದು, ಭೂತಗನ್ನಡಿ ಹಿಡಿದು, ಪಿಸುದನಿಯಲ್ಲಿ ಹೇಳಿದರು: "ಮಕ್ಕಳೇ, ಇದರೊಳಗೆ ಸಣ್ಣ ಹಳದಿ ಗೆರೆ ಇದೆಯಲ್ಲ, ಅದು ನಿಜವಾದ ಚಿನ್ನ! ಒಬ್ಬೊಬ್ಬರಾಗಿ ಕೈಯಲ್ಲಿ ಹಿಡಿದು ನೋಡಿ."

ಇಡೀ ತರಗತಿ ಒಟ್ಟಿಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು.

ಅವರಿಗೆ ಪಾಪ ಏನು ಗೊತ್ತು! ಗಣಿಯವರ ಮನೆಯೊಳಗೆ ಚಿನ್ನದ ಕಲ್ಲಿನ ಚೂರು ಸಿಕ್ಕಿದರೆ, ಗಣಿಯಿಂದ ಕದ್ದದ್ದೆಂದು ಅಪ್ಪ ನೇರ ಪೊಲೀಸ್ ಠಾಣೆಗೆ. ಮಾತು ಬರುವ ಮೊದಲೇ ಮಕ್ಕಳಿಗೆ ಕಲಿಸುವ ಪಾಠ ಅದು. ಮುಂದಿನ ಸಾಲಿನ ಒಬ್ಬ ಹುಡುಗಿ, ಎರಡು ಜಡೆ, ಚಾಂಪಿಯನ್ ರೀಫ್ಸ್ ಗಣಿಯ ಕಡೆಯವಳು, ಕರುಣೆಯಿಂದ ಕೇಳಿದಳು:

"ಸಾರ್, ನಿಮ್ಗೆ ಮನೇಲಿ ಹೆಂಡ್ತಿ ಮಕ್ಳು ಅವ್ರಾ?"

"ಇದ್ದಾರಲ್ಲಮ್ಮ, ಯಾಕೆ?"

"ಅಂಗಾರೆ ಬ್ಯಾಡ ಸಾರ್. ಮೊದ್ಲು ಅದ್ನ ಕೆಳಗಿಡ್ರಿ."

ಅವರು ನಕ್ಕು, ಕಲ್ಲನ್ನು ಮೇಜಿನ ಮೇಲಿಟ್ಟು, ಕಾಫಿ ಕುಡಿಯಲು ಹೋದರು. ವಾಪಸು ಬಂದರೆ ಕಲ್ಲು ಇಲ್ಲ. ಮಕ್ಕಳ ಮುಖದಲ್ಲಿ ಒಬ್ಬ ಮನುಷ್ಯನ ಸಂಸಾರ ಉಳಿಸಿದ ನೆಮ್ಮದಿ.

"ಎಲ್ರಮ್ಮಾ ನನ್ನ ಕಲ್ಲು? ಅದು ವಿಶ್ವವಿದ್ಯಾನಿಲಯದ್ದು!"

ಜಡೆಯ ಹುಡುಗಿ ಕಿಟಕಿಯಾಚೆ ಬೆರಳು ತೋರಿದಳು. ಅಲ್ಲಿ, ವರ್ಷಗಟ್ಟಲೆ ಗಣಿಯಿಂದ ಅಗೆದು ಸುರಿದ ಕಲ್ಲುಗಳ ಗುಡ್ಡ ಆಕಾಶ ಮುಟ್ಟಿ ನಿಂತಿತ್ತು.

"ಹೆದರ್ಬ್ಯಾಡ್ರಿ ಸಾರ್. ಯಾರ್ಗೂ ಗೊತ್ತಾಗಾಕಿಲ್ಲ. ಅದ್ರ ನೆಂಟ್ರ ತಾವಾನೇ ಬಿಟ್ ಬಂದಿದೀವಿ."

ಎದ್ದು ನಿಂತ ಗೌರವ

ಅಪ್ಪಂದಿರಿಗೆ ಒಂದು ಉಪನ್ಯಾಸ ಇಟ್ಟಿದ್ದೆ: 'ಬಿಡುವಿನ ವೇಳೆಯ ಸದುಪಯೋಗ.' ಕೆಲವರನ್ನು ಕಾಡಿ ಬೇಡಿ ಎಳೆದು ತಂದೆ. ಮಧ್ಯಾಹ್ನದ ಪಾಳಿಗೆ ಇಳಿಯಬೇಕಾದವರು ಅವರು. ಸಮಾಜಶಾಸ್ತ್ರದ ಉಪನ್ಯಾಸಕರು ಶುರು ಮಾಡಿದರು. ಐದು ನಿಮಿಷದಲ್ಲಿ ಕೇಳುಗರು ಬಿಡುವಿನ ವೇಳೆಯನ್ನು ಸದುಪಯೋಗ ಮಾಡಿಕೊಂಡು ಕೂತಲ್ಲೇ ನಿದ್ದೆ ಹೊಡೆಯತೊಡಗಿದರು. ಉಪನ್ಯಾಸಕರಿಗೆ ಕಣ್ಣು ಮಂಜು, ಪುಣ್ಯಕ್ಕೆ ಕಾಣಿಸಲಿಲ್ಲ.

ಉಪನ್ಯಾಸಕರು ಕೈಯೆತ್ತಿ, ದನಿಯೇರಿಸಿ, "ಆದ್ದರಿಂದ ಬಂಧುಗಳೇ, ಎಚ್ಚೆತ್ತುಕೊಳ್ಳಿ!" ಎಂದು ಮುಗಿಸುವುದಕ್ಕೂ ಗಣಿಯ ಸಂಗು ಊದುವುದಕ್ಕೂ ಸರಿಹೋಯಿತು. ಪಾಳಿ ಬದಲಾಗುವ ಆ ಸೈರನ್ನಿಗೆ ನಮ್ಮ ಕಡೆ ಎಲ್ಲರೂ ಸಂಗು ಎನ್ನುವುದೇ. ಅದು ಕಿವಿಗೆ ಬಿದ್ದದ್ದೇ ತಡ, ಅಷ್ಟೂ ಜನ ಒಂದೇ ಮನುಷ್ಯನ ಹಾಗೆ ಧಡಕ್ಕನೆ ಎದ್ದು ನಿಂತರು. ಊಟದ ಡಬ್ಬಿಗಳು ಠಣಠಣ ಎಂದವು. ಎದ್ದವರು ಸಾಲಾಗಿ ಹೊರಗೆ ನಡೆದುಬಿಟ್ಟರು.

ಉಪನ್ಯಾಸಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಷ್ಟು ವರ್ಷದಿಂದ ಭಾಷಣ ಮಾಡ್ತಿದೀನಿ ಕಣ್ರೀ. ಕೇಳಿದ ತಕ್ಷಣ ಕಾರ್ಯಪ್ರವೃತ್ತರಾದ ಜನರನ್ನ ಇವತ್ತೇ ನೋಡಿದ್ದು!"

ನಾನು ಹೌದು ಎಂದೆ. ಸಂಗಿನ ವಿಷಯ ಅವರಿಗೆ ಇವತ್ತಿಗೂ ಹೇಳಿಲ್ಲ.

ಖಾಲಿ ಮೊಳೆ

ಈಗ ಬಂತು ನೋಡಿ, ಅಸಲು ಕಥೆ. ಕಡೆಯ ದಿನವನ್ನು ಆಯುಧಪೂಜೆಗೆ ಇಟ್ಟವನು ನಾನೇ. ಅವತ್ತು ಗಣಿಗೆ ರಜೆ, ಗಂಡಸರು ಮನೆಯಲ್ಲಿರುತ್ತಾರೆ, ಹೆಂಡತಿಯರ ಸಮೇತ ಬಂದೇ ಬರುತ್ತಾರೆ! ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಬಂಗಾರಪೇಟೆಯವನ ಬುದ್ಧಿ ಅದು, ಗಣಿಯವನದಲ್ಲ. ಗಣಿ ಲೈನುಗಳಲ್ಲಿ, ಅದೇ ಕೆಲಸಗಾರರ ಸಾಲುಮನೆಗಳಲ್ಲಿ, ಆಯುಧಪೂಜೆ ಅಂದರೆ ಹೆಲ್ಮೆಟ್ಟಿಗೆ, ಹಾರೆಗೆ, ಹಗ್ಗಕ್ಕೆ, ದೀಪಕ್ಕೆ ಎಲ್ಲಕ್ಕೂ ಪೂಜೆ. ವರ್ಷವಿಡೀ ಜೀವ ಕಾದ ಸಾಮಾನಿನ ಮುಂದಿನಿಂದ ಯಾರು ಏಳುತ್ತಾರೆ?

ಪ್ರೊಫೆಸರು ಬೆಳಗಿನ ರೈಲಿಗೆ ಬಂದರು. ಬಾಗಿಲಲ್ಲಿ ಅಜ್ಜಿ ಮುಖ ನೋಡದೆ ತಗಡಿನ ಬಿಲ್ಲೆಯೊಂದನ್ನು ಕೈಗಿಟ್ಟಳು. ಅವರು ನೆನಪಿನ ಕಾಣಿಕೆ ಅಂದುಕೊಂಡು ಕೈಮುಗಿದು ಜೇಬಿಗೆ ಹಾಕಿಕೊಂಡರು. ಒಳಗೆ ನೋಡಿದರೆ ಮಕ್ಕಳು, ಬೆಂಚು, ನಾನು.

"ಮನೆಮಂದಿ ಎಲ್ಲಯ್ಯಾ?"

"ಬರ್ತಾರೆ ಸಾರ್. ಇನ್ನೇನು."

ಒಂದು ಗಂಟೆ ಕಳೆಯಿತು. ಎರಡೂ ಕಳೆಯಿತು. ಮಕ್ಕಳ ನಾಟಕ ಮುಗಿಯಿತು, ಹಾಡು ಮುಗಿಯಿತು. ಹೊರಗೆ ಹತ್ತಿರದಲ್ಲೇ ತಮಟೆ ಸದ್ದು, ಸಾಂಬ್ರಾಣಿ ಹೊಗೆ. ಒಬ್ಬ ಅಪ್ಪನೂ ಇಲ್ಲ. ಪ್ರೊಫೆಸರು ಗಡಿಯಾರ ನೋಡಿ, ನಿಟ್ಟುಸಿರು ಬಿಟ್ಟು, "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ" ಎಂದು ಹಿಂಬಾಗಿಲಿನಿಂದ ಹೋದರು. ನಾನು ಮನಸ್ಸಿನಲ್ಲೇ ರಾಜೀನಾಮೆ ಬರೆಯತೊಡಗಿದೆ.

ಊಟದ ಹೊತ್ತಾಯಿತು. ಮಕ್ಕಳು ಬಿಲ್ಲೆ ನೇತುಹಾಕಿ ಹೊರಟರು, ನಾನೂ ನನ್ನದನ್ನು ನೇತುಹಾಕಿದೆ. ಅಜ್ಜಿ ಹಲಗೆ ನೋಡಿದಳು, ಬೆರಳಿಟ್ಟು ಎಣಿಸಿದಳು, ಮತ್ತೆ ಎಣಿಸಿದಳು.

"ಒಂದು ಮೊಳೆ ಖಾಲಿ ಐತೆ!"

"ಪ್ರೊಫೆಸರದ್ದು ಅಜ್ಜಿ. ಹಿಂದೆ ಎಲ್ಲೋ..."

"ಹಿಂದೆ!" ಅಜ್ಜಿ ಎದೆ ಹಿಡಿದುಕೊಂಡಳು. ಆಗ ನನಗೂ ಹೊಳೆಯಿತು. ಶಾಲೆಯ ಹಿಂದೆ ತಂತಿಬೇಲಿ ಸುತ್ತಿದ ಹಳೆಯ ಶಾಫ್ಟು ಇತ್ತು, ಗಣಿಯ ಬಾಯಿ. ಬೇಲಿ ಒಂದು ಕಡೆ ಬಾಗಿತ್ತು. ಪ್ರೊಫೆಸರು ಎಲ್ಲೂ ಇಲ್ಲ. ಕೂಗಿದೆ, ಉತ್ತರವಿಲ್ಲ. ಕೆಲಸದ ಚಿಂತೆ ಎಲ್ಲಿ ಹೋಯಿತೋ, ಯಾರನ್ನಾದರೂ ಕರೆಯೋಣವೆಂದು ಬಾಗಿಲಿಗೆ ಓಡಿದೆ.

ಅಜ್ಜಿ ಆಗಲೇ ಬೀದಿಯಲ್ಲಿದ್ದಳು. "ಟೋಕನ್ ಬಂದಿಲ್ಲ! ಒಬ್ರು ಕೆಳಗವ್ರೆ! ಬರ್ರಲೋ!"

ತಮಟೆ ಗಪ್ಪನೆ ನಿಂತಿತು. ಪೂಜೆಗಿಟ್ಟ ಸಾಮಾನನ್ನು ಅವತ್ತು ಮುಟ್ಟುವ ಹಾಗಿಲ್ಲ. ಆದರೆ ಕೆಳಗೆ ಒಬ್ಬ ಇದ್ದಾನೆ ಎಂದಮೇಲೆ? ಮನೆಮನೆಯಿಂದ ಗಂಡಸರು ಹೂವು ಕುಂಕುಮ ಸಮೇತ ಹೆಲ್ಮೆಟ್ಟು ಹಾರೆ ಎತ್ತಿಕೊಂಡು ಓಡಿಬಂದರು. ಹಿಂದೆಯೇ ಹೆಂಗಸರು, ಸೊಂಟದಲ್ಲಿ ಕೂಸು, ಕೈಯಲ್ಲಿ ನೀರಿನ ಚೊಂಬು. ಮೈಸೂರು ಮೈನ್ಸ್ ಎಂಬ ಆಚೆಯ ಗಣಿಯ ಕಡೆಯಿಂದಲೂ ಬಂದರು. ಹಾಲ್ ತುಂಬಿತು, ಜಗಲಿ ತುಂಬಿತು, ಕಿಟಕಿ ತುಂಬಿತು. ಆಗಲೇ ಒಬ್ಬ ನನ್ನ ಭುಜ ಹಿಡಿದು ಕೇಳಿದ್ದು, ಎಷ್ಟನೇ ಲೆವೆಲ್ಲು, ಅಂದರೆ ಗಣಿಯ ಆಳದಲ್ಲಿ ಎಷ್ಟನೇ ಅಂತಸ್ತು, ಎಂದು.

ಶಾಫ್ಟಿನ ಬಾಯಿಗೆ ಹಗ್ಗ ಕಟ್ಟಿದರು. ಎಳೆಯಲು ಉದ್ದಕ್ಕೆ ಸಾಲು ನಿಂತರು. ಕಡೆಯಲ್ಲಿದ್ದ ಇಬ್ಬರು ಮಾತಾಡಿಕೊಳ್ಳುವುದು ನನ್ನ ಕಿವಿಗೆ ಬಿತ್ತು.

"ಯಾರಪ್ಪಾ ಪಾಪ, ಬಿದ್ದಿರೋದು?"

"ಯಾರೋ ದೊಡ್ ಮೇಷ್ಟ್ರಂತೆ ಸಾಮಿ. ನೋಡ್ಕಂಡ್ ನಡೀಬಾರ್ದಾ?"

"ಛೆ ಛೆ! ಮಕ್ಕಳೊಂದಿಗರೋ ಏನೋ. ನಾನೂ ಒಂದು ಕೈ ಹಾಕ್ತೀನಿ, ತಡಿ."

ಆ ದನಿ! ತಿರುಗಿ ನೋಡಿದೆ. ಕೋಟಿನ ತೋಳು ಮಡಿಸಿ, ಹಣೆ ತುಂಬ ಕುಂಕುಮ, ಬಾಯಲ್ಲಿ ಕಡಲೆ ಗುಗ್ಗರಿ, ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದವರು ನಮ್ಮ ಪ್ರೊಫೆಸರು. ಯಾರದೋ ಮನೆಯವರು ಪೂಜೆಗೆ ಒಳಗೆ ಕರೆದು ಕೂರಿಸಿಕೊಂಡಿದ್ದರಂತೆ. ಮನೆಯವರೆಲ್ಲ ಎದ್ದು ಓಡಿದರಂತೆ, ಇವರೂ ಓಡಿದರಂತೆ. ತಮ್ಮನ್ನು ತಾವೇ ಮೇಲೆ ಎಳೆಯಲು ಬಂದಿದ್ದರು!

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಜನರನ್ನು ಸೀಳಿಕೊಂಡು ಬಂದಳು.

"ಏನ್ಲಾ! ಟೋಕನ್ ಎಲ್ಲೈತ್ಲಾ?"

ವಿಶ್ವವಿದ್ಯಾನಿಲಯವನ್ನೇ ಗಡಗಡ ನಡುಗಿಸುವ ಆ ಮನುಷ್ಯ ಗಡಗಡ ನಡುಗುತ್ತ ಜೇಬಿಗೆ ಕೈಹಾಕಿ ಬಿಲ್ಲೆ ತೆಗೆದುಕೊಟ್ಟರು. ಅಜ್ಜಿ ಅದನ್ನು ಕಿತ್ತುಕೊಂಡು ಹೋಗಿ ಮೊಳೆಗೆ ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಕೂಗಿದಳು:

"ಎಲ್ರೂ ಮ್ಯಾಕ್ ಬಂದ್ರು!"

ಆ ಕೇಕೆ, ಆ ಚಪ್ಪಾಳೆ! ತಮಟೆಯೂ ಶಾಲೆಗೇ ಬಂತು. ಪ್ರೊಫೆಸರನ್ನು ಹೆಗಲ ಮೇಲೆ ಹೊತ್ತು ವೇದಿಕೆಗೆ ತಂದರು. ಅವರು ಕನ್ನಡಕ ಸರಿಮಾಡಿಕೊಂಡು ಗೋಡೆಯಿಂದ ಗೋಡೆಗೆ ನೋಡಿದರು. ಅಪ್ಪಂದಿರು, ಅಮ್ಮಂದಿರು, ಅಜ್ಜ, ಕೂಸು, ಕಾಲಿಡಲು ಜಾಗವಿಲ್ಲ.

"ಮನೆಮಂದಿ ಬಂದಿದ್ದಾರೆ ಕಣಯ್ಯ" ಎಂದರು ಮೆಲ್ಲಗೆ.

"ಹಗ್ಗ, ಹಾರೆ ಸಮೇತ ಸಾರ್" ಎಂದೆ.

ಮಕ್ಕಳು ನಾಟಕವನ್ನು ಮೊದಲಿನಿಂದ ಮತ್ತೆ ಆಡಿದರು. ಮುಂದಿನ ವರ್ಷವೂ ಶಿಬಿರ ನಂದಿದುರ್ಗದಲ್ಲೇ ನಡೆಯಿತು, ನಾನೇ ನಡೆಸಿದೆ. ಅವತ್ತಿನ ವರದಿಯನ್ನು ಪ್ರೊಫೆಸರು ತಾವೇ ಹೇಳಿ ನನ್ನಿಂದ ಬರೆಸಿದರು, ಪ್ರತಿ ನನ್ನ ಹತ್ತಿರ ಇನ್ನೂ ಇದೆ. ಹಾಜರಿ: ಮನೆಮಂದಿ ಎಲ್ಲರೂ. ಗೈರುಹಾಜರಿ: ಸ್ವಲ್ಪ ಹೊತ್ತು, ವಿಭಾಗದ ಮುಖ್ಯಸ್ಥರು. ದಿನ: ಆಯುಧಪೂಜೆ, ಸಾವಿರದ ಒಂಬೈನೂರ ಐವತ್ತೆಂಟು.